ಚೊಂಬಿನ ಕೊರಳಲ್ಲಿ ನೀಲಿ ಶರ್ಟು

ನಮ್ಮ ಪೇಂಟಿಂಗ್ ಕ್ಲಾಸಿನಲ್ಲಿ ಒಬ್ಬರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಇದ್ದಾರೆ. ಬ್ರಶ್ಶು, ಬಣ್ಣ ಎಲ್ಲಾ ಫಾರಿನ್ ಮಾಲು. ಬದನೆಕಾಯಿ, ನಿಂಬೆಹಣ್ಣು ಬರೆಯೋದು ಅವರಿಗೆ ಸ್ವಲ್ಪ ಅವಮಾನ. "ಮನುಷ್ಯರನ್ನು ಯಾವಾಗ ಶುರು ಮಾಡೋದು ಸಾರ್?" ಎಂದು ಪ್ರತಿ ಭಾನುವಾರ ಕೇಳುತ್ತಾರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಂಗಸು ಇದ್ದಾಳಲ್ಲ, ರವಿವರ್ಮನ ಆ ಚಿತ್ರವನ್ನೇ ಬರೆಯಬೇಕಂತೆ. ಅದು ರವಿವರ್ಮನದಲ್ಲ, ಹಲ್ದಣಕರ್ ಅವರದು, ಸಾಲದ್ದಕ್ಕೆ ಎಣ್ಣೆ ಬಣ್ಣವೂ ಅಲ್ಲ, ಜಲವರ್ಣ ಎಂದು ಮೇಷ್ಟ್ರು ಹೇಳಿ ಆಗಿದೆ. ಇವರ ಕಿವಿಗೆ ಅದು ಬಿದ್ದ ಹಾಗಿಲ್ಲ.

ಈ ವಾರ ಮೇಜಿನ ಮೇಲೆ ಹಿತ್ತಾಳೆ ಚೊಂಬು, ಪಕ್ಕದಲ್ಲಿ ಎರಡು ಬದನೆಕಾಯಿ, ಹೋಳು ಮಾಡಿದ ಒಂದು ನಿಂಬೆಹಣ್ಣು. ಮೊದಲ ಪದರಕ್ಕೆ ಬರ್ನ್ಟ್ ಅಂಬರ್ ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ನೆರಳನ್ನಷ್ಟೇ ಹಚ್ಚಿದೆವು. ಟರ್ಪೆಂಟೈನ್ ಆರಿಹೋಗುತ್ತದೆ. ಬಣ್ಣದಲ್ಲಿರುವ ಅಗಸೆ ಎಣ್ಣೆ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೇ ಕೆಳಗಿನ ಪದರದಲ್ಲಿ ಎಣ್ಣೆ ಕಮ್ಮಿ, ಮೇಲೆ ಹೋದ ಹಾಗೆ ಜಾಸ್ತಿ. ಉಲ್ಟಾ ಮಾಡಿದರೆ ಕೆಲವು ವರ್ಷಗಳಲ್ಲಿ ಚಿತ್ರ ಬಿರುಕು ಬಿಡಬಹುದು. ಇಷ್ಟು ಹೇಳಿ ಮೇಷ್ಟ್ರು ಎಣ್ಣೆ ಒರೆಸಿದ ಬಟ್ಟೆಗಳನ್ನೆಲ್ಲ ನೀರಿನ ಡಬ್ಬಕ್ಕೆ ಹಾಕಿಸಿದರು. ಮುದ್ದೆ ಮಾಡಿ ಮೂಲೆಗೆ ಎಸೆದರೆ ಬಿಸಿಯಾಗಿ ತಾನಾಗೇ ಹೊತ್ತಿಕೊಳ್ಳಬಹುದು. ಅದೊಂದು ವಿಷಯದಲ್ಲಿ ಅವರು ಯಾರನ್ನೂ ಬಿಡುವುದಿಲ್ಲ.

ಬಣ್ಣ ಕಲಸುವ ಹೊತ್ತಿಗೆ ಮ್ಯಾನೇಜರ್ ಕೈ ಎತ್ತಿದರು.

"ಸಾರ್, ಹಿತ್ತಾಳೆ ಬಣ್ಣ ಯಾವ ಟ್ಯೂಬು?"

ಮೇಷ್ಟ್ರು ಅವರ ಹಿಂದೆ ಬಂದು ನಿಂತರು. "ಚೊಂಬಿನ ಕೊರಳು ನೋಡಿ. ಅಲ್ಲೊಂದು ನೀಲಿ ಚುಕ್ಕೆ ಇದೆಯಲ್ಲ, ಅದೇನು?"

ಮ್ಯಾನೇಜರ್ ಕನ್ನಡಕ ಸರಿ ಮಾಡಿಕೊಂಡು ಬಗ್ಗಿದರು. ಚುಕ್ಕೆಯೂ ಬಗ್ಗಿತು. ಸ್ವಲ್ಪ ಎಡಕ್ಕೆ ವಾಲಿದರು. ಅದೂ ಸರಿಯಿತು.

"ಸಾರ್, ಅದು ನಾನೇ."

"ಹೂಂ. ಮನುಷ್ಯರನ್ನು ಬರೀಬೇಕು ಅಂದಿದ್ರಲ್ಲ, ಶುರು ಮಾಡಿ. ಮುಂದಿನ ವಾರವೂ ಇದೇ ಶರ್ಟ್ ಹಾಕ್ಕೊಂಡು ಬನ್ನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಸುಮ್ನೆ ನನ್ನ ಜಾಗದಿಂದ ನೋಡಿದರೆ ಅಲ್ಲಿ ಮ್ಯಾನೇಜರ್ ಇಲ್ಲ. ಬೆರಳುಗುರಿನಷ್ಟು ಹಸಿರು, ಅದು ನನ್ನ ಕುರ್ತಾ. ಪಕ್ಕದಲ್ಲಿ ಕಿಟಕಿಯ ಬಿಳಿ ಪಟ್ಟಿ. ಕೆಳಗೆ ಹೊಟ್ಟೆಯ ಭಾಗದಲ್ಲಿ ಬದನೆಕಾಯಿಯ ನೇರಳೆ. ಹಳದಿ ಅಂತ ಉಳಿದದ್ದು ಬಹಳ ಕಮ್ಮಿ. ಚೊಂಬು ಒಂದೇ, ಆದರೆ ಕೂತವರು ಎಷ್ಟು ಜನವೋ ಅಷ್ಟು ಚೊಂಬು. ಪ್ರತಿಯೊಬ್ಬರದ್ದರಲ್ಲೂ ಅವರವರೇ ಕೂತಿದ್ದಾರೆ. ಹಾಗಿದ್ದ ಮೇಲೆ ಪಕ್ಕದವರ ಕ್ಯಾನ್ವಾಸ್ ನೋಡಿ ಕಾಪಿ ಹೊಡೆಯೋದಾದರೂ ಹೇಗೆ? ನಮ್ಮಲ್ಲಿ ಒಬ್ಬಳು ಮೊಬೈಲಲ್ಲಿ ಫೋಟೋ ತೆಗೆದು ಮನೆಯಲ್ಲಿ ಮುಗಿಸುತ್ತಾಳೆ. ಕೈ ಚೆನ್ನಾಗಿದೆ, ಆದರೆ ಅವಳ ಚೊಂಬಿನಲ್ಲಿ ಈಗ ಮೊಬೈಲ್ ಇರುತ್ತದೆ.

ಮೇಷ್ಟ್ರು ಚಹಾ ಹೊತ್ತಿನಲ್ಲಿ ಕ್ಲಾರಾ ಪೀಟರ್ಸ್ ಕಥೆ ಹೇಳಿದರು. ನಾನೂರು ವರ್ಷದ ಹಿಂದಿನ ಫ್ಲೆಮಿಶ್, ಅಂದರೆ ಈಗಿನ ಬೆಲ್ಜಿಯಂ ಕಡೆಯ ಚಿತ್ರಕಾರ್ತಿ. ಆಗ ಹೆಂಗಸರು ಬೆತ್ತಲೆ ಮಾಡೆಲ್ ಎದುರು ಕೂತು ಮನುಷ್ಯ ಶರೀರ ಕಲಿಯುವ ಹಾಗಿರಲಿಲ್ಲ. ಆಕೆ ಮೀನು, ಚೀಸು, ಹೂವು, ಲೋಟ ಬರೆದಳು. 1612ರ ಒಂದು ಚಿತ್ರದಲ್ಲಿ ಚಿನ್ನದ ಲೇಪದ ಬಟ್ಟಲಿದೆ. ಅದರ ಉಬ್ಬುಗಳಲ್ಲಿ ಹತ್ತಿರ ಹೋಗಿ ನೋಡಿದರೆ ಪುಟ್ಟ ಪುಟ್ಟ ಮುಖಗಳು, ಎಲ್ಲಾ ಅವಳದೇ, ಕೈಯಲ್ಲಿ ಬ್ರಶ್ಶು ಬೇರೆ. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂ ಒಬ್ಬ ಮಹಿಳಾ ಕಲಾವಿದೆಗಾಗಿ ಮೊದಲ ಸಲ ಪ್ರತ್ಯೇಕ ಪ್ರದರ್ಶನ ಇಟ್ಟದ್ದು 2016ರಲ್ಲಿ, ಅದು ಇವಳಿಗಾಗಿ. ಮುಖ ತೋರಿಸೋಕೆ ಬಟ್ಟಲಿನ ಮೂಲೆ ಹುಡುಕಬೇಕಾಗಿ ಬಂದವಳು. ನನಗೆ ಇದು ಜಾಣತನ ಅನ್ನಿಸೋದಕ್ಕಿಂತ ಹಟ ಅನ್ನಿಸಿತು. ಹಣ್ಣು ಪಾತ್ರೆ ಬರೆಯೋದು ಕಲಿಯುವವರ ಕೆಲಸ ಎಂದು ಮೂಗು ಮುರಿಯುವವರಿಗೆ ಆ ಬಟ್ಟಲು ತೋರಿಸಬೇಕು.

ವಾರವಿಡೀ ಮನೆಯಲ್ಲಿ ನನಗೆ ಇದೇ ಕೆಲಸ. ಸ್ಟೀಲ್ ಡಬ್ಬದಲ್ಲಿ ಕಿಟಕಿ, ಸೌಟಿನ ಒಳಗೆ ತಲೆಕೆಳಗಾದ ನಾನು, ಹೊರಗೆ ನೆಟ್ಟಗಿರುವ ನಾನು. ಅಮ್ಮನಿಗೆ ಸಿಟ್ಟು. ತೊಳೆದ ಪಾತ್ರೆಯನ್ನು ಹೀಗೆ ತಿರುಗಿಸಿ ತಿರುಗಿಸಿ ನೋಡಿದರೆ ಯಾರಿಗಾದರೂ ಬರುತ್ತೆ ಅಲ್ವಾ?

ಬಿಳಿ ಇನ್ನೂ ಹಚ್ಚಿಲ್ಲ. ಅದು ಅಡುಗೆಯ ಉಪ್ಪಿದ್ದ ಹಾಗೆ, ಕೊನೆಗೆ, ಚಿಟಿಕೆ ಅಂದಿದ್ದಾರೆ. ಹೊಳಪು ಮುಂದಿನ ವಾರಕ್ಕೆ. ಅಷ್ಟರಲ್ಲಿ ಬದನೆಕಾಯಿ ಸುಕ್ಕಾಗುತ್ತೆ, ಹೊಸದು ತರಬೇಕು.

ನಿನ್ನೆ ರಾತ್ರಿ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಮ್ಯಾನೇಜರ್ ಕೇಳಿದ್ದಾರೆ: "ಸಾರ್, ಆ ಶರ್ಟು ಒಗೆಯೋಕೆ ಹಾಕಬಹುದಾ? ಸ್ವಲ್ಪ ಬಣ್ಣ ಬಿಡುತ್ತೆ."