ನೋಂಬಿನ ನೋಟ್‌ಬುಕ್ಕಿನಲ್ಲಿ ಏನು ಬರೆಯೋದು?

ನೋಂಬಿನ, ಅಂದರೆ ಉಪವಾಸದ, ತಿಂಗಳಾದ ರಂಜಾನ್ ಹತ್ತಿರ ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ಚಾರ್ಟ್ ಓಡಾಡುತ್ತದೆ, ನೀವೂ ನೋಡಿರುತ್ತೀರಿ. ಮೂವತ್ತು ಸಾಲು. ಐದು ವಕ್ತ್ ನಮಾಜಿಗೆ ಐದು ಕಾಲಂ, ರಂಜಾನಿನ ರಾತ್ರಿ ನಮಾಜ್ ತರಾವೀಹ್‌ಗೊಂದು, ಖುರ್‌ಆನ್ ಓದಿದ್ದಕ್ಕೊಂದು, ಸದಖಕ್ಕೆ ಅಂದರೆ ದಾನಕ್ಕೊಂದು. ಮಾಡಿದರೆ ಟಿಕ್, ಇಲ್ಲದಿದ್ದರೆ ಖಾಲಿ. ಮದ್ರಸದ ಮಕ್ಕಳಿಗೆ ಇದು ಚೆನ್ನಾಗಿದೆ, ಪೈಪೋಟಿ ಮೇಲೆ ಟಿಕ್ ಹಾಕುತ್ತಾರೆ, ಆ ನೆಪದಲ್ಲಿ ಅಭ್ಯಾಸವೂ ಆಗುತ್ತದೆ. ಆದರೆ ದೊಡ್ಡವರಿಗೆ ಅಷ್ಟು ಸಾಲದು ಅಂತ ನನಗೆ ಅನಿಸುತ್ತದೆ.

ನಮ್ಮ ಯಜಮಾನರು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹೊರಗಿನವರಿಗಾಗಿ ಹೇಳುತ್ತೇನೆ, ರೈಟರ್ ಅಂದರೆ ತೋಟದ ಕೆಲಸದವರ ಲೆಕ್ಕ ಬರೆಯುವವರು. ಅವರ ಚೆಕ್‌ರೋಲ್‌ನಲ್ಲಿ ಯಾರು ಬಂದರು, ಯಾರು ಬರಲಿಲ್ಲ, ಯಾರು ಎಷ್ಟು ಕೆ.ಜಿ. ಹಣ್ಣು ಕೊಯ್ದರು, ಎಲ್ಲ ಇರುತ್ತದೆ. ಕೊಯ್ದವರ ಮನಸ್ಸಿನಲ್ಲಿ ಏನಿತ್ತು ಅನ್ನೋದು ಇರೋದಿಲ್ಲ. ಸಂಬಳ ಕೊಡೋಕೆ ಅದು ಬೇಕಾಗಿಯೂ ಇಲ್ಲ. ಆ ಟಿಕ್ ಚಾರ್ಟ್ ಕೂಡ ಒಂದು ಚೆಕ್‌ರೋಲ್ ಅಷ್ಟೇ. ನೋಂಬಿಗೆ ಹಾಜರಾತಿ ಸಾಕಾಗಿದ್ದರೆ ಪ್ರವಾದಿಯವರು (ಸ.ಅ) ಆ ಮಾತು ಹೇಳುತ್ತಲೇ ಇರಲಿಲ್ಲ. ಯಾರು ಸುಳ್ಳು ಮಾತನ್ನೂ ಸುಳ್ಳಿನ ನಡತೆಯನ್ನೂ ಬಿಡುವುದಿಲ್ಲವೋ ಅವನು ಅನ್ನ ನೀರು ಬಿಡುವುದು ಅಲ್ಲಾಹನಿಗೆ ಬೇಕಿಲ್ಲ. ಹದೀಸ್ ಅಂದರೆ ಪ್ರವಾದಿಯವರ ಮಾತು, ಇದು ಬುಖಾರಿಯ ಸಂಗ್ರಹದಲ್ಲಿ ಬರುವಂಥದ್ದು. ಪ್ರತಿ ವರ್ಷ ಉಸ್ತಾದರ ಬಾಯಲ್ಲಿ ಕೇಳುತ್ತೇವೆ, ತಲೆಯಾಡಿಸುತ್ತೇವೆ, ಸಂಜೆ ಹೊತ್ತಿಗೆ ಅಡುಗೆಮನೆಯಲ್ಲಿ ಮರೆತುಬಿಡುತ್ತೇವೆ.

ಅಡುಗೆಮನೆ ಅಂತ ಬೇಕೆಂದೇ ಹೇಳಿದೆ. ಹೆಂಗಸರ ನೋಂಬಿಗೆ ಅಪಾಯದ ಹೊತ್ತು ಯಾವುದು ಗೊತ್ತಾ? ಇಳಿಹೊತ್ತಿನ ಅಸರ್ ನಮಾಜ್ ಆದ ಮೇಲೆ, ಸೂರ್ಯ ಮುಳುಗಿ ಮಗ್ರಿಬ್ ಬಾಂಕ್ (ನಮಾಜಿನ ಕರೆ) ಕೊಡುವವರೆಗಿನ ಹೊತ್ತು. ಒಂದು ಕಡೆ ತರಿ ಗಂಜಿ ಕುದಿಯುತ್ತಿರುತ್ತದೆ, ಇನ್ನೊಂದು ಕಡೆ ಪತ್ತಿರಿ ಲಟ್ಟಿಸಬೇಕು, ಸಮೋಸ ಕರಿಯಬೇಕು, ಮಕ್ಕಳು ಕಾಲಿಗೆ ಅಡ್ಡ ಬರುತ್ತಾರೆ. ಹೊಟ್ಟೆ ಖಾಲಿ, ತಲೆ ಬಿಸಿ, ಕೈ ಎರಡೂ ಕೆಲಸದಲ್ಲಿ. ಖಾಲಿ ಇರೋದು ಬಾಯಿ ಮಾತ್ರ. ಫೋನನ್ನು ಸ್ಪೀಕರಿಗೆ ಹಾಕಿ ಗೋಡೆಗೆ ಒರಗಿಸಿ ನಾದಿನಿ ಜೊತೆ ಮಾತಾಡುತ್ತಾ ಪತ್ತಿರಿ ಲಟ್ಟಿಸಿದರೆ ಕೆಲಸವೇನೋ ಬೇಗ ಮುಗಿಯುತ್ತದೆ, ಅಷ್ಟರಲ್ಲಿ ಊರಿನ ನಾಲ್ಕು ಮನೆಯವರ ಮಾನವೂ ಮುಗಿದಿರುತ್ತದೆ. ಖುರ್‌ಆನಿನ 49ನೇ ಅಧ್ಯಾಯದ 12ನೇ ಆಯತ್‌ನಲ್ಲಿ ಬೆನ್ನ ಹಿಂದೆ ಆಡಿಕೊಳ್ಳೋದನ್ನು ಸತ್ತ ಸಹೋದರನ ಮಾಂಸ ತಿಂದ ಹಾಗೆ ಎಂದು ಹೇಳಿದೆ. ಹಗಲಿಡೀ ಒಂದು ಗುಟುಕು ನೀರು ಕುಡಿಯದೆ ಇದ್ದು, ಸಂಜೆ ಬಾಂಕ್ ಕೊಡೋ ಮೊದಲೇ ಆ ಮಾಂಸ ತಿಂದರೆ ಏನು ಹೇಳೋದು?

ಈ ಹೊತ್ತಿಗೆ ಚಾರ್ಟಿನಲ್ಲಿ ಕಾಲಂ ಇಲ್ಲ. ಅದಕ್ಕೇ ನೋಟ್‌ಬುಕ್ ಬೇಕು.

ದೊಡ್ಡ ಡೈರಿ, ಬಣ್ಣದ ಪೆನ್ನು, ಸ್ಟಿಕ್ಕರ್ ಏನೂ ಬೇಡ. ಮಕ್ಕಳ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳೇ ಸಾಕು. ನಾನು ದಿನಕ್ಕೆ ಬರೆಯೋದು ತುಂಬಾ ಕಡಿಮೆ. ಅವತ್ತು ಓದಿದ ಜುಝ್‌ನಿಂದ (ಖುರ್‌ಆನಿನ ಮೂವತ್ತು ಭಾಗಗಳಲ್ಲಿ ಒಂದು) ಒಂದು ಆಯತ್‌ನ ಅರ್ಥ, ನನ್ನ ಮಾತಿನಲ್ಲಿ. ನಿನ್ನೆ ನಾಲಿಗೆ ಎಲ್ಲಿ ಜಾರಿತು, ಜಾರುವ ಮೊದಲು ಏನಾಗಿತ್ತು. ಇವತ್ತಿಗೆ ಒಂದು ದುಆ, ಅಂದರೆ ಪ್ರಾರ್ಥನೆ. ಅಷ್ಟೇ. ಕೆಲವು ದಿನ ಒಂದೇ ಸಾಲು. ಸತ್ಕರ್ಮಗಳಲ್ಲಿ ಅಲ್ಲಾಹನಿಗೆ ಹೆಚ್ಚು ಇಷ್ಟವಾದದ್ದು ಸಣ್ಣದಾದರೂ ಬಿಡದೆ ಮಾಡುವಂಥದ್ದು ಎಂಬ ಹದೀಸ್ ಇದೆಯಲ್ಲ, ಸೋಮಾರಿಗಳಿಗೆ ಅದು ದೊಡ್ಡ ಧೈರ್ಯ.

ಎರಡನೇ ಜುಝ್ ಬಂದಾಗ ಒಂದು ವಿಷಯ ಗಮನಿಸಿ ನೋಡಿ. ನೋಂಬಿನ ಆಯತ್‌ಗಳು ಅಲ್‌ ಬಖರ ಅಧ್ಯಾಯದಲ್ಲಿ 183ರಿಂದ 187ರವರೆಗೆ ಬರುತ್ತವೆ. ಯಾರಿಗೆ ಕಡ್ಡಾಯ, ಕಾಯಿಲೆಯವರು ಏನು ಮಾಡಬೇಕು, ಪ್ರಯಾಣದಲ್ಲಿ ಇರುವವರು ಏನು ಮಾಡಬೇಕು, ರಾತ್ರಿ ಏನೇನು ಮಾಡಬಹುದು, ಎಲ್ಲ ನಿಯಮ. ನಡುವೆ 186ರಲ್ಲಿ ಮಾತ್ರ ನಿಯಮ ಇಲ್ಲ. ನನ್ನ ದಾಸರು ನನ್ನ ಬಗ್ಗೆ ನಿನ್ನನ್ನು ಕೇಳಿದರೆ ನಾನು ಹತ್ತಿರವೇ ಇದ್ದೇನೆ, ಕರೆಯುವವನ ಕರೆಗೆ ಉತ್ತರ ಕೊಡುತ್ತೇನೆ ಎಂಬ ಅರ್ಥದ ಮಾತು ಅಲ್ಲಿದೆ. ಪ್ರತಿ ವರ್ಷ ಇಡೀ ಖುರ್‌ಆನ್ ಓದಿ ಖತಂ ಮುಗಿಸುವ ಅವಸರದಲ್ಲಿ ಓದಿಕೊಂಡು ಹೋಗುತ್ತಿದ್ದ ಜಾಗ ಇದು. ಕೈಯಲ್ಲಿ ಬರೆಯುವಾಗ ಓಡೋಕೆ ಆಗೋದಿಲ್ಲ ನೋಡಿ, ಅಲ್ಲೇ ನಿಂತುಬಿಟ್ಟೆ.

ಯಾವ ಭಾಷೆಯಲ್ಲಿ ಬರೆಯೋದು ಅಂತ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಮನೆಮಾತು ಮಲಯಾಳ, ಶಾಲೆಯಲ್ಲಿ ಕಲಿತದ್ದು ಕನ್ನಡ, ಹಾಗಾಗಿ ನನಗೆ ಕನ್ನಡವೇ ಸುಲಭ. ಉಮ್ಮನಿಗೆ (ಅಮ್ಮನಿಗೆ) ಕನ್ನಡ ಓದಲು ಬರೋದಿಲ್ಲ, ಅರಬಿ ಮಲಯಾಳದಲ್ಲಿ, ಅಂದರೆ ಅರಬಿ ಲಿಪಿಯ ಮಲಯಾಳದಲ್ಲಿ ಬರೆಯುತ್ತಾರೆ. ಅಲ್ಲಾಹನಿಗೆ ಎರಡೂ ಗೊತ್ತು.

ಹೊತ್ತಿನ ವಿಷಯಕ್ಕೆ ಬಂದರೆ, ರಾತ್ರಿ ಬೇಡ. ಗಂಡಸರು ತರಾವೀಹ್‌ಗೆ ಪಳ್ಳಿಗೆ (ಮಸೀದಿಗೆ) ಹೋಗಿ ವಾಪಸ್ ಬರುವವರೆಗೆ ನಮ್ಮ ಕಡೆ ಜೀವ ಕೈಯಲ್ಲಿ ಹಿಡಿದುಕೊಂಡೇ ಇರಬೇಕು, ತೋಟದೊಳಗೆ ಆನೆ ಎಲ್ಲಿ ನಿಂತಿರುತ್ತದೋ ಹೇಳಲು ಬರೋದಿಲ್ಲ. ಆಮೇಲೆ ನಿದ್ದೆ ಎಳೆಯುತ್ತದೆ. ಬೆಳಗಿನ ಸುಬಹಿ ನಮಾಜ್ ಆದ ಮೇಲೆ ಹತ್ತು ನಿಮಿಷ ಒಳ್ಳೆಯದು. ಬೆಳಕು ಹರಿಯುವ ಮೊದಲು ಅತ್ತಾಯದ ಊಟ ತಿಂದ ಹೊಟ್ಟೆ, ಜಗಳಕ್ಕೆ ಇನ್ನೂ ಯಾರೂ ಎದ್ದಿರೋದಿಲ್ಲ. ಈಗ ಎರಡು ಮೂರು ವರ್ಷದಿಂದ ನೋಂಬು ಬರೋದೂ ಹೂ ಮಳೆಯ ಹೊತ್ತಿಗೇ. ಮಳೆ ಬಿದ್ದು ವಾರ ಹತ್ತು ದಿನಕ್ಕೆ ರೊಬಸ್ಟಾ ಹೂ ಬಿಟ್ಟರೆ ಇಡೀ ತೋಟ ಬೆಳ್ಳಗೆ, ಮನೆಯೊಳಗೆಲ್ಲ ಅದೇ ವಾಸನೆ. ಖಾಲಿ ಹೊಟ್ಟೆಯಲ್ಲಿ ಆ ವಾಸನೆ ಸ್ವಲ್ಪ ಜಾಸ್ತಿಯೇ ಅನಿಸುತ್ತದೆ ಅನ್ನಿ.

ಹಳೆಯ ನೋಟ್‌ಬುಕ್ ತೆಗೆದರೆ ಕಾಲ ಬೇರೆ ಬೇರೆ. ಹಿಜ್ರಿ ವರ್ಷ ಹತ್ತು ಹನ್ನೊಂದು ದಿನ ಚಿಕ್ಕದು, ಹಾಗಾಗಿ ರಂಜಾನ್ ಪ್ರತಿ ವರ್ಷ ಹಿಂದೆ ಸರಿಯುತ್ತಾ ಸುಮಾರು 33 ವರ್ಷಕ್ಕೆ ಒಂದು ಸುತ್ತು ಬರುತ್ತದೆ. 2018ರಲ್ಲಿ ಮೇ ಮಧ್ಯದಲ್ಲಿ ಶುರುವಾಗಿ ಜೂನ್ ಮಧ್ಯಕ್ಕೆ ಮುಗಿದಿತ್ತು, ಪೆರ್ನಾಳ್ (ಈದ್ ಹಬ್ಬ) ಬರುವಾಗ ಮಳೆಗಾಲ. 2020ರಲ್ಲಿ ಏಪ್ರಿಲ್ ಕೊನೆಗೆ ಶುರು, ಲಾಕ್‌ಡೌನ್, ಪಳ್ಳಿ ಬಂದ್. ಆ ವರ್ಷ ಯಜಮಾನರು ಮನೆಯಲ್ಲೇ ಇಮಾಮ್ ಆಗಿ ನಿಂತರು, ನಾವೆಲ್ಲ ಹಿಂದೆ ಸಾಲಾಗಿ. ಊರೆಲ್ಲ ಪಳ್ಳಿ ಮುಚ್ಚಿತಲ್ಲ ಅಂತ ಅಳುತ್ತಿದ್ದಾಗ ನನ್ನ ಪುಟದಲ್ಲಿ ಖುಷಿ ಇದೆ. ಈಗ ಓದಿದರೆ ಸ್ವಲ್ಪ ಮುಜುಗರ, ಆದರೂ ಅದು ನಿಜ.

ಇನ್ನು ಮುಟ್ಟಿನ ದಿನಗಳು. ಇದರ ಬಗ್ಗೆ ಯಾರೂ ಬರೆಯೋದಿಲ್ಲ, ಅದಕ್ಕೇ ನಾನು ಬರೆಯುತ್ತೇನೆ. ಆ ದಿನಗಳಲ್ಲಿ ನೋಂಬು ಇಲ್ಲ, ನಮಾಜ್ ಇಲ್ಲ, ಮುಸ್‌ಹಫ್ (ಖುರ್‌ಆನ್ ಗ್ರಂಥ) ಮುಟ್ಟೋದಿಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ರಂಜಾನಿನಿಂದ ಹೊರಗೆ ಹಾಕಿದ ಹಾಗೆ ಅನಿಸುತ್ತದೆ, ಕೊನೆಯ ಹತ್ತರಲ್ಲಿ ಬಂದರಂತೂ ಕಣ್ಣೀರೇ. ಆದರೆ ಅಲ್ಲಾಹನ ಸ್ಮರಣೆಯ ದಿಕ್ರ್ ಇದೆ, ಪ್ರವಾದಿಯವರಿಗಾಗಿ ಹೇಳುವ ಸ್ವಲಾತ್ ಇದೆ, ದುಆ ಇದೆ, ಖುರ್‌ಆನ್ ಕೇಳಬಹುದು. ನೋಟ್‌ಬುಕ್ಕಿಗಂತೂ ಯಾವ ಅಡ್ಡಿಯೂ ಇಲ್ಲ. ಉಳಿದ ದಿನ ಒಂದು ಸಾಲು ಬರೆಯುವವಳು ಆ ದಿನಗಳಲ್ಲಿ ಒಂದು ಪುಟ ಬರೆಯಬಹುದು. ಬಿಡು ಅಂತ ಹೇಳಿದವನೂ ಅವನೇ, ಹೇಳಿದ್ದಕ್ಕೆ ಬಿಟ್ಟರೆ ಅದೂ ಅವನ ಮಾತು ಕೇಳಿದ ಹಾಗೇ ಅಲ್ವಾ? ಇಲ್ಲಿ ಮಾತ್ರ ಸ್ವಲ್ಪ ಚೆಕ್‌ರೋಲ್ ಬೇಕು. ಬಿಟ್ಟ ನಮಾಜ್ ತೀರಿಸಬೇಕಾಗಿಲ್ಲ, ನೋಂಬು ತೀರಿಸಲೇಬೇಕು. ತಾರೀಕು ಹಾಕಿಡಿ. ಕಾರಣ ಇಲ್ಲದೆ ಮುಂದಿನ ರಂಜಾನ್ ದಾಟಿಸಿದರೆ ನಮ್ಮ ಶಾಫಿ ಮದ್‌ಹಬ್‌ನಲ್ಲಿ (ಧರ್ಮಶಾಸ್ತ್ರದ ಪಂಥದಲ್ಲಿ) ಬಿಟ್ಟ ನೋಂಬು ತೀರಿಸುವ ಖಝಾದ ಜೊತೆಗೆ ಒಂದೊಂದು ನೋಂಬಿಗೆ ಒಂದು ಮುದ್ದ್ ಎಂಬ ಅಳತೆಯಷ್ಟು ಅಕ್ಕಿಯನ್ನೂ ಬಡವರಿಗೆ ಕೊಡಬೇಕಾಗುತ್ತದೆ.

ಚಿಕ್ಕಮ್ಮನ ಮಗಳು ಒಮ್ಮೆ ಕೇಳಿದಳು, "ಇತ್ತಾ (ಅಕ್ಕಾ), ತಪ್ಪು ಬರೆದಿಡೋದು ತಪ್ಪಲ್ವಾ? ಅಲ್ಲಾಹು ಮುಚ್ಚಿಟ್ಟದ್ದನ್ನು ನಾವು ಯಾಕೆ ತೆರೆಯೋದು?" ಒಳ್ಳೆಯ ಪ್ರಶ್ನೆ. ರಾತ್ರಿ ಮಾಡಿದ ಪಾಪವನ್ನು ಅಲ್ಲಾಹು ಮುಚ್ಚಿಟ್ಟಿದ್ದರೂ ಬೆಳಿಗ್ಗೆ ಎದ್ದು ತಾನೇ ಊರಿಗೆ ಹೇಳಿಕೊಂಡು ತಿರುಗುವವನ ಬಗ್ಗೆ ಎಚ್ಚರಿಕೆಯ ಹದೀಸ್ ಇದೆ. ಹಾಗಾದರೆ ಆತ್ಮವಿಚಾರಣೆಯೇ ಬೇಡವಾ? ಲೆಕ್ಕ ಕೇಳುವ ಮೊದಲೇ ನಿಮ್ಮ ಲೆಕ್ಕ ನೀವೇ ನೋಡಿಕೊಳ್ಳಿ ಎಂಬ ಮಾತು ಖಲೀಫ ಉಮರ್ (ರ) ಅವರದ್ದೆಂದು ಹೇಳುತ್ತಾರೆ. ಬಸ್ರಾದಲ್ಲಿ ಹುಟ್ಟಿ 857ರಲ್ಲಿ ಬಗ್ದಾದಿನಲ್ಲಿ ತೀರಿಕೊಂಡ ಹಾರಿಸ್ ಅಲ್ ಮುಹಾಸಿಬಿ ಎಂಬ ಸೂಫಿಗೆ ಆ ಹೆಸರು ಬಂದದ್ದೇ ಮುಹಾಸಬದಿಂದ, ದಿನವೂ ತನ್ನನ್ನು ತಾನು ವಿಚಾರಿಸಿಕೊಳ್ಳುತ್ತಿದ್ದದ್ದರಿಂದ. ಎರಡೂ ಇರಬೇಕು, ಮುಚ್ಚೋದೂ ವಿಚಾರಿಸೋದೂ. ನನ್ನ ದಾರಿ ಇದು: ತಪ್ಪನ್ನು ಬಿಡಿಸಿ ಬರೆಯೋದಿಲ್ಲ. ನನಗೆ ಮಾತ್ರ ಅರ್ಥವಾಗುವ ಒಂದು ಅಕ್ಷರ, ಪಕ್ಕದಲ್ಲಿ ಕಾರಣ. 'ನಿದ್ದೆ ಇಲ್ಲ.' 'ಫೋನ್.' 'ಹೊಟ್ಟೆಕಿಚ್ಚು.' ತಿಂಗಳ ಕೊನೆಗೆ ಪುಟ ತಿರುಗಿಸಿದರೆ ಕಾರಣಗಳೇ ಮತ್ತೆ ಮತ್ತೆ ಕಾಣುತ್ತವೆ. ತಪ್ಪು ಬೇರೆ ಬೇರೆ ಇದ್ದರೂ ಕಾರಣ ಎರಡೋ ಮೂರೋ ಅಷ್ಟೇ. ನನ್ನ ಮಟ್ಟಿಗೆ ಈ ಬರೆಯುವ ಕೆಲಸದ ಲಾಭ ಇರೋದೇ ಇಲ್ಲಿ.

ಆ ಪುಟದ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವವರಿಗೆ ನಾನು ಏನೂ ಹೇಳೋದಿಲ್ಲ. ಬೇಡ, ಹೇಳಿಯೇ ಬಿಡುತ್ತೇನೆ. ಹಾಕಬೇಡಿ. ನೋಂಬು ಇದ್ದಾರೋ ಇಲ್ಲವೋ ಅಂತ ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗೋದಿಲ್ಲ, ಅದಕ್ಕೇ ಅಲ್ಲವಾ ನೋಂಬು ನನ್ನದು, ಅದಕ್ಕೆ ಪ್ರತಿಫಲ ನಾನೇ ಕೊಡುತ್ತೇನೆ ಎಂದು ಅಲ್ಲಾಹು ಹೇಳಿದ್ದು. ಅದರ ಲೆಕ್ಕವೂ ಅಷ್ಟೇ ಗುಟ್ಟಾಗಿರಲಿ.

ಕೊನೆಯ ಹತ್ತು ರಾತ್ರಿಗಳಿಗೆ ನಾನು ಹೊಸದೇನೂ ಬರೆಯೋದಿಲ್ಲ, ಹಿಂದಿನ ಇಪ್ಪತ್ತನ್ನು ಓದುತ್ತೇನೆ. ಲೈಲತುಲ್ ಖದ್ರ್ ಸಿಕ್ಕಿದರೆ ಏನು ಕೇಳಲಿ ಎಂದು ಪತ್ನಿ ಆಯಿಷಾ (ರ) ಕೇಳಿದಾಗ ಪ್ರವಾದಿಯವರು ಕಲಿಸಿದ ದುಆ ಎಲ್ಲರಿಗೂ ಬಾಯಿಪಾಠ. ನೀನು ಮನ್ನಿಸುವವನು, ಮನ್ನಿಸೋದನ್ನು ಇಷ್ಟಪಡುವವನು, ನನ್ನನ್ನೂ ಮನ್ನಿಸು. ಸಾವಿರ ತಿಂಗಳಿಗಿಂತ ದೊಡ್ಡ ರಾತ್ರಿಯಲ್ಲಿ ಇಷ್ಟು ಚಿಕ್ಕ ಬೇಡಿಕೆ. ನೋಟ್‌ಬುಕ್ ಎದುರಿಗಿಟ್ಟುಕೊಂಡು ಹೇಳಿದರೆ ಯಾವುದನ್ನು ಮನ್ನಿಸಬೇಕು ಅಂತ ನನಗಾದರೂ ಗೊತ್ತಿರುತ್ತದೆ.

ಒಂದು ಲೆಕ್ಕ ಮಾತ್ರ ಆ ರಾತ್ರಿಯಲ್ಲೂ ತೀರೋದಿಲ್ಲ. ಹರಕೆ ಹೊತ್ತರೆ ಬಸ್ ಹತ್ತಿ ಎಮ್ಮೆಮಾಡು ಮಖಾಂಗೆ (ದರ್ಗಾಕ್ಕೆ) ಹೋಗಿ ತೀರಿಸಬಹುದು, ಉರೂಸ್‌ಗೆ ನಮ್ಮವರೂ ಹೋಗುತ್ತಾರೆ, ಹಿಂದೂಗಳೂ ಬರುತ್ತಾರೆ. ಮನುಷ್ಯರಿಗೆ ಮಾಡಿದ ನೋವಿಗೆ ಅಂಥ ಬಸ್ ಇಲ್ಲ, ಆ ಮನುಷ್ಯರ ಮನೆಗೇ ನಡೆದು ಹೋಗಬೇಕು. ಪೆರ್ನಾಳ್ ಅದಕ್ಕೆ ಒಳ್ಳೆಯ ನೆಪ. ಬಿರಿಯಾನಿ ಡಬ್ಬಿ ಕೈಯಲ್ಲಿ ಇದ್ದರೆ ಗೇಟು ತೆಗೆಸೋದು ಸುಲಭ, ಮುಂದಿನ ಮಾತು ಕಷ್ಟವೇ. ಪಕ್ಕದ ಕೊಡವರ ಮನೆಯ ಅಕ್ಕ ನೋಂಬಿಗೆ ಅಂತ ತೋಟದ ಬಾಳೆಹಣ್ಣು ಕಳಿಸುತ್ತಾರೆ, ಬೇಲಿ ವಿಷಯಕ್ಕೆ ನಾನು ಒರಟಾಗಿ ಮಾತಾಡಿದ ವರ್ಷವೂ ಕಳಿಸಿದ್ದರು. ಹಬ್ಬದ ದಿನ ಹೋಗಿ ಕ್ಷಮೆ ಕೇಳಿದೆ. "ಅಯ್ಯೋ, ಅದನ್ನೆಲ್ಲ ಯಾರು ಇಟ್ಟುಕೊಳ್ತಾರೆ, ಬಾ ಒಳಗೆ, ಕಾಫಿ ಕುಡಿ" ಅಂದರು.

ರಂಜಾನ್ ಮುಗಿದು ಶವ್ವಾಲ್ ತಿಂಗಳು ಬಂದ ಮೇಲೆ ನೋಟ್‌ಬುಕ್ ಏನು ಮಾಡೋದು ಅಂತ ಕೆಲವರು ಕೇಳುತ್ತಾರೆ. ಗುರುತಿನ ಅಕ್ಷರ, ಕಾರಣ ಬರೆದ ಪುಟಗಳನ್ನು ನಾನು ಹರಿದು ಒಲೆಗೆ ಹಾಕುತ್ತೇನೆ, ಎರಡು ಕಾರಣಗಳನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಂಡು. ಉಳಿದ ಪುಟ ಪೆಟ್ಟಿಗೆಗೆ. ಆಯತ್ ಅಥವಾ ಅಲ್ಲಾಹನ ಹೆಸರು ಇರುವ ಹಾಳೆಯನ್ನು ಕಸದ ಬುಟ್ಟಿಗೆ ಹಾಕಬೇಡಿ, ಸಮೋಸದ ಎಣ್ಣೆ ಒರೆಸೋಕೂ ಬೇಡ. ಶವ್ವಾಲಿನ ಆರು ನೋಂಬು ಹಿಡಿಯುವ ಯೋಚನೆ ಇದ್ದರೆ ಖಾಲಿ ಉಳಿದ ಹಾಳೆ ಅದಕ್ಕೂ ಸಾಕಾಗುತ್ತದೆ.