ತುಟಿ ಅಲ್ಲಾಡಿತು, ದನಿ ಕೇಳಲಿಲ್ಲ

ರಾತ್ರಿ ಸಾರ್ವಜನಿಕ ವಾಹಿನಿಯ ವಾರ್ತೆ ನೋಡುತ್ತಾ ಕೂತಿದ್ದೆ.

ಮಂತ್ರಿ ಮಾತಾಡಿದರು. ಅವರದೇ ದನಿ, ಪೂರ್ತಿ ವಾಕ್ಯಗಳು. ನಡುವೆ ಉಸಿರು ಎಳೆದುಕೊಂಡಿದ್ದೂ ಕೇಳಿಸಿತು.

ಆಮೇಲೆ ವಿರೋಧ ಪಕ್ಷದ ನಾಯಕಿ. ಮೈಕಿನ ಮುಂದೆ ಕೈ ಎತ್ತಿ ಏನೋ ಹೇಳುತ್ತಿದ್ದಾರೆ, ತುಟಿ ಅಲ್ಲಾಡುತ್ತಿದೆ. ದನಿ ಮಾತ್ರ ವಾರ್ತೆ ಓದುವವರದು. ಮಂತ್ರಿ ‘ತಿಳಿಸಿದರು’. ಈಕೆ ‘ಆರೋಪಿಸಿದರು’.

ಸುಳ್ಳು ಒಂದೂ ಇರಲಿಲ್ಲ. ಆದರೂ ಮನಸ್ಸಿಗೆ ತುಂಬಾ ಬೇಜಾರಾಯಿತು.

ಗೆಳೆಯನಿಗೆ ಫೋನ್ ಮಾಡಿದೆ. ಅವನೂ ಅದನ್ನೇ ನೋಡಿದ್ದ. ‘ಆಕೆಯನ್ನು ತೋರಿಸಿದ್ದೇ ಜಾಸ್ತಿ ಆಯ್ತು’ ಅಂದ!

1985ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನ ನೆನಪಾಯಿತು. 1982ರಲ್ಲಿ ಲೆಬನಾನ್‌ನ ಬೈರೂತ್‌ನಲ್ಲಿ ನಡೆದ ಪ್ಯಾಲೆಸ್ತೀನಿ ನಿರಾಶ್ರಿತರ ಹತ್ಯಾಕಾಂಡದ ಟಿವಿ ವರದಿಗಳನ್ನು ಇಸ್ರೇಲ್ ಪರ ಇದ್ದವರಿಗೂ ಅರಬ್ಬರ ಪರ ಇದ್ದವರಿಗೂ ತೋರಿಸಿದ್ದರು. ಅದೇ ತುಣುಕುಗಳು. ಇದು ನಮ್ಮ ವಿರುದ್ಧ ಇದೆ ಅಂತ ಎರಡೂ ಕಡೆಯವರಿಗೆ ಅನಿಸಿತ್ತು.

ಹಾಗಾಗಿ ನನ್ನ ಕಣ್ಣನ್ನೇ ನಾನು ಪೂರ್ತಿ ನಂಬುವುದಿಲ್ಲ. ಆದರೆ ದನಿ ಇತ್ತೋ ಇಲ್ಲವೋ ಅನ್ನುವುದು ಅನಿಸಿಕೆ ಅಲ್ಲ, ಅಲ್ವಾ? ಗಡಿಯಾರ ಹಿಡಿದು ಸೆಕೆಂಡ್ ಎಣಿಸಬಹುದು.

ಖಾಸಗಿ ಚಾನೆಲ್ ಆಗಿದ್ದರೆ ಸುಮ್ನೆ ಬದಲಾಯಿಸುತ್ತಿದ್ದೆ. ಇದು ಎಲ್ಲರ ದುಡ್ಡಿನಲ್ಲಿ ನಡೆಯುವ ವಾಹಿನಿ. ಆಕೆಗೆ ಓಟು ಹಾಕಿದವರ ದುಡ್ಡೂ ಅದರಲ್ಲಿದೆ.

ನಾಳೆಯೂ ನೋಡುತ್ತೇನೆ. ಆಕೆ ಏನು ಹೇಳಿದರು ಅನ್ನುವುದನ್ನು ಆಕೆಯ ಬಾಯಿಂದಲೇ ಕೇಳಬೇಕು ನನಗೆ.