ಗಾಜಿನ ಭರಣಿಯ ಮೀನಿಗೆ ಯಾವ ಹೆಸರು?

18 ಜನವರಿ 2025, ಮೈಸೂರು

ನಿವೃತ್ತಳಾಗಿ ಆರು ವರ್ಷ ಕಳೆದ ಮೇಲೆ ಇಂದು ಮತ್ತೆ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮೆಟ್ಟಿಲು ಹತ್ತಿದೆ. ಹಳೆಯ ಕಪಾಟುಗಳನ್ನು ಹೊಸ ಕಟ್ಟಡಕ್ಕೆ ಸಾಗಿಸುವ ಮುನ್ನ ಭರಣಿಗಳ ಪಟ್ಟಿಯನ್ನು ಸರಿಪಡಿಸಿಕೊಡಬೇಕೆಂದು ಈಗಿನ ಮುಖ್ಯಸ್ಥರು ಕೇಳಿದ್ದರು. ಮೂರನೆಯ ಕಪಾಟಿನ ಕೆಳ ಅಂಕಣದಲ್ಲಿ, ಫಾರ್ಮಲಿನ್ನಿನಲ್ಲಿ ಬಣ್ಣವೆಲ್ಲ ಕಳೆದುಕೊಂಡು ಹಳದಿಗಟ್ಟಿದ ಒಂದು ಗೇಣುದ್ದದ ಮೀನು ಸಿಕ್ಕಿತು. ಅದರ ಚೀಟಿಯಲ್ಲಿ ನನ್ನದೇ ಕೈಬರಹವಿತ್ತು: ಟಾರ್ ಮುಸ್ಸುಲ್ಲಾ, ಕಾವೇರಿ, 1994.

ಆ ಹೆಸರು ತಪ್ಪು. ಅದನ್ನು ಬರೆದ ದಿನ ಅದು ತಪ್ಪೆಂದು ನನಗೆ ಮಾತ್ರವಲ್ಲ, ಹೆಚ್ಚಿನವರಿಗೆ ಗೊತ್ತಿರಲಿಲ್ಲ. ನಾನು ಪಾಠ ಹೇಳಿದ ಹುಡುಗ ಹುಡುಗಿಯರು ಅದನ್ನೇ ನೋಡಿ ಚಿತ್ರ ಬರೆದು, ಅದೇ ಹೆಸರನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದಾರೆ. ಆದ್ದರಿಂದ ಈ ಮೀನಿನ ನಾಮಕರಣದ ಕಥೆಯನ್ನು ಕನ್ನಡದಲ್ಲಿ ಒಂದು ಲೇಖನವಾಗಿ ಬರೆಯಬೇಕೆಂದು ನಿಶ್ಚಯಿಸಿದ್ದೇನೆ. ಅದಕ್ಕಾಗಿ ಓದಿದ್ದನ್ನು, ಓದುವಾಗ ತೋಚಿದ್ದನ್ನು ಇಲ್ಲಿ ದಿನದಿನವೂ ಬರೆದಿಡುತ್ತೇನೆ.

ಕಾವೇರಿಯ ದಡದವರು ಬಿಳಿ ಮೀನು ಎನ್ನುವ, ಪುಸ್ತಕಗಳು ಮಹಸೀರ್ ಎನ್ನುವ ಮೀನುಗಳು ಕೆಂಡೆ ಮೀನುಗಳ ದೊಡ್ಡ ಕುಟುಂಬವಾದ ಸೈಪ್ರಿನಿಡೇಗೆ ಸೇರಿದವು. ದೊಡ್ಡ ಹುರುಪೆ, ಬಾಯಿಯ ಬಳಿ ಎರಡು ಜೊತೆ ಮೀಸೆ, ಸೆಳವಿನ ನೀರಿನಲ್ಲಿ ಎದುರೀಜುವ ಬಲ ಇವುಗಳ ಗುರುತು. ಮೀನಿನ ಪಕ್ಕೆಯಲ್ಲಿ ತಲೆಯಿಂದ ಬಾಲದವರೆಗೆ ಸಾಗುವ ಪಾರ್ಶ್ವರೇಖೆಯ ಉದ್ದಕ್ಕೂ ಎಣಿಸಿದರೆ ಹುರುಪೆಗಳ ಸಂಖ್ಯೆ ಸುಮಾರು 25ರ ಆಸುಪಾಸಿನಲ್ಲಿ ನಿಲ್ಲುತ್ತದೆ ಎಂದರೆ ಒಂದೊಂದು ಹುರುಪೆಯೂ ಎಷ್ಟು ದೊಡ್ಡದೆಂದು ಊಹಿಸಬಹುದು. ಮಹಸೀರ್ ಎಂಬ ಮಾತು ದೊಡ್ಡ ತಲೆ ಎಂಬ ಅರ್ಥದಿಂದ ಬಂತೆಂದು ಕೆಲವರೂ ದೊಡ್ಡ ಹುರುಪೆ ಎಂಬ ಅರ್ಥದಿಂದ ಬಂತೆಂದು ಕೆಲವರೂ ಹೇಳುತ್ತಾರೆ. ಭರಣಿಯ ಮೀನನ್ನು ನೋಡುತ್ತ ಕುಳಿತಾಗ ಎರಡೂ ಸರಿಯೆಂದೇ ನನಗೆ ಅನಿಸಿತು.

ಈ ಗುಂಪಿನಲ್ಲಿ ಕಾವೇರಿಯ ಕೊಳ್ಳಕ್ಕೆ ಮಾತ್ರ ಸೇರಿದ ಒಂದು ಮಹಾಕಾಯವಿದೆ. ಬೆಳೆದ ಮೀನು ಒಂದೂವರೆ ಮೀಟರ್ ಉದ್ದವನ್ನೂ 45 ಕಿಲೋ ತೂಕವನ್ನೂ ಮೀರಬಲ್ಲದು. ತಲೆಯ ಹಿಂದಿನಿಂದಲೇ ಬೆನ್ನು ಉಬ್ಬಿ ನಿಂತಿರುತ್ತದೆ, ಬಾಲದ ರೆಕ್ಕೆ ಕಿತ್ತಳೆ ಛಾಯೆಯದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಭಾರತದ ಗಾಳದ ಬೇಟೆಯ ಬಗ್ಗೆ ಪ್ರಕಟಿಸಿದ ಪುಸ್ತಕದ ಕಾಲದಿಂದಲೂ ದಕ್ಷಿಣದ ಮಹಸೀರ್‌ಗಳ ಕೀರ್ತಿ ಸಮುದ್ರ ದಾಟಿತ್ತು. ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರು, ಸತ್ತ ಪ್ರಾಣಿಗಳ ಚರ್ಮ ತುಂಬಿ ಜೀವಂತವೆಂಬಂತೆ ನಿಲ್ಲಿಸುವ ಕೆಲಸದಲ್ಲಿ ಹೆಸರಾದವರು, 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನನ್ನು ಗಾಳ ಹಾಕುವವರು ಇಂದಿಗೂ ನೆನೆಯುತ್ತಾರೆ. 120 ಪೌಂಡು ಎಂದರೆ ಸುಮಾರು 54 ಕಿಲೋ. ಅಂದರೆ ಈ ಮೀನಿಗೆ ದಾಖಲೆಯಿತ್ತು, ಛಾಯಾಚಿತ್ರವಿತ್ತು, ದೇಶವಿದೇಶಗಳಲ್ಲಿ ಅಭಿಮಾನಿಗಳಿದ್ದರು. ಸಿಂಧುವಾದ ವೈಜ್ಞಾನಿಕ ಹೆಸರು ಮಾತ್ರ 2018ರವರೆಗೆ ಇರಲಿಲ್ಲ. ಈ ಒಂದು ಸಂಗತಿ ನನ್ನನ್ನು ಬೆಳಗಿನಿಂದ ಬಿಟ್ಟಿಲ್ಲ.

ಮುಸ್ಸುಲ್ಲಾ ಎಂಬ ಹೆಸರು ಕಾವೇರಿಗೆ ಬಂದು ಸೇರಿದ ದಾರಿಯನ್ನು ಸಂಜೆ ಕುಳಿತು ಗುರುತು ಹಾಕಿಕೊಂಡೆ. ಬ್ರಿಟಿಷ್ ಸೇನೆಯ ಅಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ ದಖನ್ನಿನ ಮೀನುಗಳ ಬಗ್ಗೆ ಬರೆದು 1839ರಲ್ಲಿ ಹಲವು ಹೊಸ ಪ್ರಭೇದಗಳನ್ನು ಹೆಸರಿಸಿದರು. ಪುಣೆಯ ಸೀಮೆಯ ಘೋಡ್ ನದಿಯ ದೊಡ್ಡ ಮೀನೊಂದಕ್ಕೆ ಅವರು ಬಾರ್ಬಸ್ ಮುಸ್ಸುಲ್ಲಾ ಎಂದು ಹೆಸರಿಟ್ಟರು. ಘೋಡ್ ಭೀಮೆಯನ್ನು ಸೇರುತ್ತದೆ, ಭೀಮೆ ಕೃಷ್ಣೆಯನ್ನು. ಅಲ್ಲಿಗೂ ಕಾವೇರಿಗೂ ನೀರಿನ ಸಂಬಂಧವಿಲ್ಲ. ಆದರೂ 1943ರಲ್ಲಿ ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಭಾರತದ ಗಾಳದ ಮೀನುಗಳ ಬಗೆಗಿನ ತಮ್ಮ ಲೇಖನಮಾಲೆಯಲ್ಲಿ ಮುಸ್ಸುಲ್ಲಾವನ್ನು ಮಹಸೀರ್‌ಗಳ ಸಾಲಿನಲ್ಲಿ ಕೂರಿಸಿದರು, ಮತ್ತು ಉಬ್ಬಿದ ಬೆನ್ನಿನ ಕಾವೇರಿಯ ಮೀನಿಗೆ ಆ ಹೆಸರೇ ಅಂಟಿಕೊಂಡಿತು. ಹೋರಾ ಅವರಂಥ ದೊಡ್ಡ ವಿದ್ವಾಂಸರ ಮಾತು ಪಠ್ಯಪುಸ್ತಕಕ್ಕೆ ಇಳಿದರೆ ಅದನ್ನು ಮರುಪರೀಕ್ಷಿಸುವ ಗೋಜಿಗೆ ಯಾರು ಹೋಗುತ್ತಾರೆ? ನಾನಂತೂ ಹೋಗಲಿಲ್ಲ.

2013ರಲ್ಲಿ ಮಾರ್ಕಸ್ ನೈಟ್ ಮತ್ತು ಸಂಗಡಿಗರು ಸೈಕ್ಸ್ ಅವರ ಮೂಲ ವಿವರಣೆಗೆ ಹಿಂತಿರುಗಿ, ಅಲ್ಲಿ ವರ್ಣಿತವಾದ ಮೀನು ಮಹಸೀರ್ ಅಲ್ಲವೇ ಅಲ್ಲ, ಅದು ಹಿಪ್ಸೆಲೊಬಾರ್ಬಸ್ ಎಂಬ ಬೇರೆಯೇ ಜಾತಿಗೆ ಸೇರಬೇಕಾದದ್ದು ಎಂದು ತೋರಿಸಿದರು. ಹೆಸರು ತನ್ನ ನಿಜವಾದ ಒಡೆಯನ ಬಳಿಗೆ ಹೋಯಿತು, ಕಾವೇರಿಯ ಮೀನು ಹೆಸರಿಲ್ಲದೆ ಉಳಿಯಿತು. ಆಮೇಲಿನ ಐದು ವರ್ಷ ಸಂಶೋಧಕರು ಅದನ್ನು ಟಾರ್ ಜಾತಿಯ ಒಂದು ಪ್ರಭೇದ ಎಂದಷ್ಟೇ ಬರೆಯಬೇಕಾಗಿತ್ತು.

19 ಜನವರಿ

ಬೆಳಿಗ್ಗೆಯೆಲ್ಲ ಪದಗಳ ಜೊತೆ ಕಳೆದೆ.

ಮೊದಲನೆಯ ತೊಡಕು ಜಾತಿ ಎಂಬ ಮಾತಿನದು. ನಮ್ಮ ಪಠ್ಯಗಳಲ್ಲಿ ಕುಟುಂಬದ ಕೆಳಗಿನ ಮೆಟ್ಟಿಲು ಜಾತಿ, ಅದರ ಕೆಳಗಿನದು ಪ್ರಭೇದ. ಆಡುಮಾತಿನಲ್ಲಿಯಾದರೋ ‘ಇದು ಬೇರೆ ಜಾತಿಯ ಮೀನು’ ಎಂದಾಗ ನಾವು ಹೇಳುವುದು ಹೆಚ್ಚಾಗಿ ಪ್ರಭೇದವನ್ನು. ಇಡೀ ಲೇಖನವೇ ಈ ಎರಡು ಮೆಟ್ಟಿಲುಗಳ ನಡುವಿನ ಗೊಂದಲದ ಬಗ್ಗೆ ಇರುವುದರಿಂದ ಮೊದಲ ಪುಟದಲ್ಲಿಯೇ ಟಾರ್ ಎಂಬುದು ಜಾತಿ, ಅದರ ಮುಂದಿನ ಪದ ಪ್ರಭೇದದ್ದು ಎಂದು ಬಿಡಿಸಿ ಹೇಳಿ ಮುಂದುವರಿಯುತ್ತೇನೆ.

ಎರಡನೆಯದು ಮೀನಿನ ಕನ್ನಡದ ಹೆಸರು. ಗೂನುಬೆನ್ನಿನ ಮಹಸೀರ್ ಎಂದು ಬರೆದು ನೋಡಿದೆ, ಮನಸ್ಸು ಒಪ್ಪಲಿಲ್ಲ. ಗೂನು ಎಂದರೆ ಮುಪ್ಪು, ಬಾಗು, ಊನ. ಈ ಮೀನಿನ ಬೆನ್ನಿನ ಉಬ್ಬು ಊನವಲ್ಲ, ಹರೆಯದ ಹೋರಿಯ ಹೆಗಲ ಮೇಲಿನದರಂತೆ ಬಲದ ಗುರುತು. ಅದಕ್ಕೆ ನಮ್ಮಲ್ಲಿ ಹಿಣಿಲು ಎಂಬ ಒಳ್ಳೆಯ ಮಾತಿದೆ. ಹಿಣಿಲಿನ ಮಹಸೀರ್ ಎಂದು ಬರೆದಾಗ ಮೀನು ಕಣ್ಣ ಮುಂದೆ ನಿಂತಿತು. ಬಿಳಿ ಮೀನು ಎಂಬ ದಡದ ಹೆಸರನ್ನು ಬಿಡಲಾಗದು, ಆದರೆ ಅದರ ಅಡಿಯಲ್ಲಿ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಸೇರಿಹೋಗಿರುವುದರಿಂದ ಅದೊಂದನ್ನೇ ನೆಚ್ಚಿಕೊಳ್ಳಲೂ ಆಗದು.

ಮೀನುಗಳನ್ನು ವಿಂಗಡಿಸುವ ಹವ್ಯಾಸ ನಮ್ಮ ನೆಲಕ್ಕೆ ಹೊಸತಲ್ಲ ಎಂಬುದನ್ನು ಒಂದು ಪ್ಯಾರಾದಲ್ಲಿ ಸೇರಿಸುವ ಆಸೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥದ ಮತ್ಸ್ಯವಿನೋದ ಭಾಗದಲ್ಲಿ ಕಡಲಿನವು, ಹೊಳೆಯವು, ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂದು ಮೀನುಗಳನ್ನು ಬಗೆಬಗೆಯಾಗಿ ವಿಂಗಡಿಸಲಾಗಿದೆ. ಅಲ್ಲಿನ ಮೀನುಗಳು ಇಂದಿನ ಯಾವ ಪ್ರಭೇದಗಳೆಂದು ಗುರುತಿಸಲು ಕೂತವರೂ ಅದೇ ಹೋರಾ ಅವರು.

24 ಜನವರಿ

ಲೇಖನದ ಮುಖ್ಯ ಭಾಗ ಇಂದು ಒಂದು ರೂಪಕ್ಕೆ ಬಂತು.

ಕೇರಳದಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ನದಿಗಳು ಮೂರೇ: ಕಬಿನಿ, ಭವಾನಿ, ಪಾಂಬಾರ್. ಮೂರೂ ಕೊನೆಗೆ ಕಾವೇರಿಯ ನೀರೇ. ಪಾಂಬಾರ್ ಮರಯೂರಿನ ಕಡೆಯಿಂದ ಇಳಿದು ಅಮರಾವತಿಯನ್ನು ಸೇರುತ್ತದೆ, ಅಮರಾವತಿ ತಮಿಳುನಾಡಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ಪಾಂಬಾರಿನಲ್ಲಿ ಸಿಕ್ಕ ಮಹಸೀರ್ ಒಂದನ್ನು ಮಧುಸೂದನ ಕುರುಪ್ ಮತ್ತು ರಾಧಾಕೃಷ್ಣನ್ ಹೊಸ ಪ್ರಭೇದವೆಂದು ವಿವರಿಸಿ, ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯ ಮೀನುತಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥ ಟಾರ್ ರೆಮಾದೇವಿಐ ಎಂದು ಕರೆದರು. ಆ ವಿವರಣೆಯ ಪ್ರಕಟಣೆಯ ವರ್ಷವನ್ನು 2011 ಎಂದು ನಮೂದಿಸಲಾಗುತ್ತದೆ. ಮಹಿಳೆಯರ ಹೆಸರಿನಿಂದ ಮಾಡಿದ ಪದಗಳಿಗೆ ಲ್ಯಾಟಿನ್ನಿನಲ್ಲಿ ಸಾಮಾನ್ಯವಾಗಿ ಬೇರೆ ಅಂತ್ಯವಿರುತ್ತದೆ, ಆದರೂ ಮೊದಲು ಅಚ್ಚಾದ ರೂಪವೇ ಬಳಕೆಯಲ್ಲಿ ಉಳಿದಿದೆ. ಬೆಟ್ಟದ ಕಿರುನದಿಯೊಂದರ ಈ ಹೆಸರಿಗೂ ಬಯಲಿನ ಮಡುಗಳ ಮಹಾಕಾಯಕ್ಕೂ ನಂಟಿರಬಹುದೆಂದು ಬಹುಕಾಲ ಯಾರೂ ಕೈಹಾಕಿ ನೋಡಲಿಲ್ಲ.

ಕೈಹಾಕಿದವರು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಸಹಸಂಶೋಧಕರು. ಬಂಡೀಪುರದ ಅಂಚಿನಲ್ಲಿ ಹರಿಯುವ ಮೋಯಾರ್ ನದಿಯಲ್ಲಿ ಹಿಣಿಲಿನ ಮಹಸೀರ್ ಇನ್ನೂ ಉಳಿದಿತ್ತು. ಅಲ್ಲಿನ ಮೀನುಗಳ ದೇಹರಚನೆಯನ್ನು ಅಳೆದು, ಅವುಗಳ ವಂಶವಾಹಿಯ ತುಣುಕನ್ನು ಪಾಂಬಾರಿನ ಮೀನುಗಳದರೊಂದಿಗೆ ಹೋಲಿಸಿ, ಗಾಳದ ಬೇಟೆಯ ಹಳೆಯ ಛಾಯಾಚಿತ್ರಗಳನ್ನೂ ಸಾಕ್ಷ್ಯವಾಗಿ ಎದುರಿಗಿಟ್ಟುಕೊಂಡು, ಇವೆಲ್ಲ ಒಂದೇ ಪ್ರಭೇದ, ಅದರ ಹೆಸರು ಟಾರ್ ರೆಮಾದೇವಿಐ ಎಂದು 2018ರಲ್ಲಿ ಅವರು ಪ್ರಕಟಿಸಿದರು. ಟ್ರೋಫಿಯೆಂದು ಗೋಡೆಗೆ ನೇತುಹಾಕಿದ್ದ ಚಿತ್ರಗಳು ವರ್ಗೀಕರಣಕ್ಕೆ ಪುರಾವೆಯಾದದ್ದು ನನಗೆ ಈ ಸಂಶೋಧನೆಯ ಅತ್ಯಂತ ಸೊಗಸಾದ ಭಾಗವಾಗಿ ಕಂಡಿದೆ. ಆ ಕಾಲದ ಬೇಟೆಗಾರರು ಮೀನನ್ನು ಪಕ್ಕಕ್ಕೆ ತಿರುಗಿಸಿ, ಇಡೀ ಬೆನ್ನಿನ ಗೆರೆ ಕಾಣುವಂತೆ ಹಿಡಿದು ನಿಂತದ್ದು ಜಂಬಕ್ಕೇ ಆಗಿದ್ದರೂ ಅದರಿಂದ ಉಪಕಾರವಾಯಿತು.

ವಂಶವಾಹಿಯ ಹೋಲಿಕೆಯ ಬಗ್ಗೆ ಬರೆಯುವಾಗ ಎಚ್ಚರ ಬೇಕು. ಮೀನುಗಳನ್ನು ಗುರುತಿಸಲು ಸಾಮಾನ್ಯವಾಗಿ ಓದುವುದು ಜೀವಕೋಶದೊಳಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎಂಬ ಭಾಗದ ವಂಶವಾಹಿಯಲ್ಲಿ ಸುಮಾರು 650 ಅಕ್ಷರಗಳ ಒಂದು ತುಣುಕನ್ನು. ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುವುದರಿಂದ, ತಾಯಿ ಒಂದು ಪ್ರಭೇದ, ತಂದೆ ಇನ್ನೊಂದು ಪ್ರಭೇದವಾದ ಮಿಶ್ರಸಂತಾನವನ್ನು ಆ ತುಣುಕೊಂದೇ ಹಿಡಿದುಕೊಡಲಾರದು. ಇನ್ನು ಹುರುಪೆಗಳ ಎಣಿಕೆ ಹಲವು ಮಹಸೀರ್‌ಗಳಲ್ಲಿ ಒಂದರ ಮೇಲೊಂದು ಬೀಳುತ್ತದೆ. ತುಟಿಯ ದಪ್ಪವೂ ಮೈಬಣ್ಣವೂ ಒಂದೇ ಪ್ರಭೇದದೊಳಗೇ ಬದಲಾಗುತ್ತವೆ, ದಪ್ಪ ತುಟಿಯನ್ನು ಕಂಡು ಹೊಸ ಪ್ರಭೇದವೆಂದು ಮೋಸಹೋದವರೂ ಇದ್ದಾರೆ. ಅಳತೆ, ವಂಶವಾಹಿ, ಸಿಕ್ಕ ಜಾಗ ಮೂರೂ ಒಂದೇ ಮಾತು ಹೇಳಿದಾಗ ಮಾತ್ರ ಹೆಸರು ಗಟ್ಟಿಯಾಗುತ್ತದೆ.

ಹೆಸರು ಸಿಕ್ಕ ವರ್ಷವೇ, ನವೆಂಬರ್ 2018ರಲ್ಲಿ, ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಈ ಮೀನು ಅತ್ಯಂತ ಗಂಭೀರ ಅಪಾಯದಲ್ಲಿರುವ ಪ್ರಭೇದವೆಂದು ದಾಖಲಾಯಿತು. ಪಟ್ಟಿಗೆ ಸೇರಬೇಕಾದರೆ ಮೊದಲು ಹೆಸರು ಬೇಕು. ಅಣೆಕಟ್ಟುಗಳು ನದಿಯನ್ನು ತುಂಡುತುಂಡು ಮಾಡಿದ, ಮರಳು ತೆಗೆದ, ಸಿಡಿಮದ್ದು ಹಾಕಿ ಮೀನು ಹಿಡಿದ ದಶಕಗಳಲ್ಲಿ ಈ ಮೀನು ತನ್ನದಲ್ಲದ ಹೆಸರಿನಡಿ ಅಡಗಿತ್ತು. ನನಗೆ ದುಃಖವಾಗುವುದು ಈ ಸಂಗತಿಗೇ.

ಇನ್ನೊಂದು ಬದಿಯೂ ಇದೆ. 1970ರ ದಶಕದಿಂದ ಲೋನಾವಳದ ಮೀನುಮರಿ ಕೇಂದ್ರದಲ್ಲಿ ಟಾರ್ ಖುದ್ರೀ ಎಂಬ ನೀಲಿ ರೆಕ್ಕೆಯ ಮಹಸೀರನ್ನು ಕೃತಕವಾಗಿ ಮರಿಮಾಡಿಸಿ ದೇಶದ ಹಲವೆಡೆಗೆ ಕಳುಹಿಸಲಾಯಿತು. ಅದೂ ಸೈಕ್ಸ್ ಅವರೇ ಹೆಸರಿಸಿದ, ಕೃಷ್ಣೆಯ ಕೊಳ್ಳದ ಮೀನು. ಮಹಸೀರ್ ಎಲ್ಲವೂ ಒಂದೇ ಎಂಬ ಸದುದ್ದೇಶದ ತಿಳಿವಳಿಕೆಯಲ್ಲಿ ಕಾವೇರಿಗೂ ಅದನ್ನು ಬಿಟ್ಟರು. ಭೀಮೇಶ್ವರಿ, ಗಾಲಿಬೋರೆಯ ಗಾಳದ ಶಿಬಿರಗಳಿದ್ದ ಹರಿವಿನಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ದಾಖಲೆಯನ್ನು ವಿಶ್ಲೇಷಿಸಿದಾಗ, ಮಹಸೀರ್‌ಗಳ ಒಟ್ಟು ಸಂಖ್ಯೆ ಏರಿದ್ದು ಕಂಡಿತು. ಆದರೆ ಏರಿದ್ದು ನೀಲಿ ರೆಕ್ಕೆಯದು, ಹಿಣಿಲಿನದು ಕ್ಷೀಣಿಸುತ್ತಿತ್ತು. ಪ್ರಭೇದವನ್ನು ಬೇರೆ ಮಾಡಿ ಎಣಿಸದಿದ್ದರೆ ಅದನ್ನು ಸಂರಕ್ಷಣೆಯ ಯಶಸ್ಸೆಂದೇ ಬರೆಯಬಹುದಾಗಿತ್ತು. ನೀಲಿ ರೆಕ್ಕೆಯದು ಈಗ ಕೆಂಪು ಪಟ್ಟಿಯಲ್ಲಿ ಸದ್ಯಕ್ಕೆ ಆತಂಕವಿಲ್ಲದ ಪ್ರಭೇದ.

ಇದನ್ನು ಬರೆಯುವಾಗ, ವಿದ್ಯಾರ್ಥಿಗಳೊಂದಿಗೆ ಭೀಮೇಶ್ವರಿಗೆ ಹೋಗಿದ್ದಾಗ ತೆಪ್ಪ ನಡೆಸುತ್ತಿದ್ದ ಹಿರಿಯರೊಬ್ಬರು ಹೇಳಿದ್ದು ನೆನಪಾಯಿತು: ‘ಬಾಲ ನೋಡಿ ಅಮ್ಮಾ, ಈಗ ಬರೋವು ಬೇರೆ ಮೀನು. ಆ ಕೆಂಬಾಲದ್ದು ಎಲ್ಲೋ ಒಂದು.’ ಅವರು ನೀರಿನ ಮೇಲೆ ಕುಳಿತೇ ಎರಡು ಪ್ರಭೇದಗಳನ್ನು ಬೇರ್ಪಡಿಸಿದ್ದರು. ನಾನು ಟಿಪ್ಪಣಿ ಪುಸ್ತಕ ತೆರೆಯಲೇ ಇಲ್ಲ. ಲೇಖನದಲ್ಲಿ ಈ ಮಾತಿಗೆ ಜಾಗ ಕೊಟ್ಟಿದ್ದೇನೆ.

ಮಧ್ಯಾಹ್ನ ಮತ್ತೆ ಕಾಲೇಜಿಗೆ ಹೋಗಿ ಭರಣಿಯ ಮುಂದೆ ಕುಳಿತೆ. ಈ ಮೀನಿಗೆ ರೆಮಾದೇವಿಐ ಎಂದು ಹೊಸ ಚೀಟಿ ಅಂಟಿಸಿದರೆ ಕೆಲಸ ಮುಗಿಯಿತೆಂದು ಮೊದಲ ದಿನ ಅಂದುಕೊಂಡಿದ್ದೆ. ಹಾಗೆ ಮಾಡಲು ನನಗೆ ಹಕ್ಕಿಲ್ಲ. ಎಳೆಯ ಮೀನಾದ್ದರಿಂದ ಬೆನ್ನಿನ ಹಿಣಿಲು ಇನ್ನೂ ಮೂಡಿಲ್ಲ, ಬಾಲದ ಬಣ್ಣ ಅಳಿಸಿದೆ, ಮೂವತ್ತು ವರ್ಷ ಫಾರ್ಮಲಿನ್ನಿನಲ್ಲಿ ನೆನೆದ ಮಾಂಸದಿಂದ ವಂಶವಾಹಿಯನ್ನು ಓದುವುದು ಬಹಳ ಕಷ್ಟ. 1994ರ ಹೊತ್ತಿಗೆ ನೀಲಿ ರೆಕ್ಕೆಯ ಮರಿಗಳೂ ಹೊಳೆಯಲ್ಲಿದ್ದವು. ಎಲ್ಲಕ್ಕಿಂತ ದೊಡ್ಡ ಕೊರತೆ ಚೀಟಿಯಲ್ಲಿಯೇ ಇದೆ: ಕಾವೇರಿ ಎಂದು ಬರೆದೆನೇ ಹೊರತು ಯಾವ ಊರಿನ ದಡ, ಯಾವ ತಿಂಗಳು, ಯಾರ ಬಲೆ ಎಂದು ಬರೆಯಲಿಲ್ಲ. ಎಂಟುನೂರು ಕಿಲೋಮೀಟರ್ ಹರಿಯುವ ನದಿಯನ್ನು ಒಂದು ಜಾಗವೆಂಬಂತೆ ನಮೂದಿಸಿದ್ದೆ.

ಬಾಲದ ಬುಡದವರೆಗಿನ ಉದ್ದವನ್ನು ಅಳೆದೆ, ಪಾರ್ಶ್ವರೇಖೆಯ ಹುರುಪೆಗಳನ್ನು ಎರಡು ಬಾರಿ ಎಣಿಸಿದೆ. ಎರಡು ಸಲವೂ 25 ಬಂತು. ಹಳೆಯ ಚೀಟಿಯನ್ನು ಕೀಳದೆ ಅದರ ಕೆಳಗೆ ಹೊಸದೊಂದನ್ನು ಅಂಟಿಸಿದೆ: ‘ಟಾರ್ ಜಾತಿ, ಪ್ರಭೇದ ನಿರ್ಧಾರವಾಗಿಲ್ಲ. ಸಂಗ್ರಹಿಸಿದ ಸ್ಥಳ ದಾಖಲಾಗಿಲ್ಲ. ಮುಸ್ಸುಲ್ಲಾ ಎಂಬ ಹಿಂದಿನ ಗುರುತು ಸರಿಯಲ್ಲ. 24-1-2025.’ ಪಟ್ಟಿಯಲ್ಲಿಯೂ ಹಾಗೆಯೇ ತಿದ್ದಿ ಸಹಿ ಹಾಕಿದೆ.